ಡೆಂಗಿ: ಪ್ಲೇಟ್‌ಲೆಟ್ ಇಳಿದರೆ ಅಪಾಯವೆಂದೇ ಅರ್ಥವೇ?

ತಂಗಿಗೆ ಡೆಂಗಿ, ಇಂದು ಜ್ವರದ ನಾಲ್ಕನೇ ದಿನ. ಪ್ಲೇಟ್‌ಲೆಟ್ 82,000ಕ್ಕೆ ಇಳಿದಿದೆ. ಕಾಯಿಲೆ ಉಲ್ಬಣಿಸುತ್ತದೆಯೇ ಎಂಬುದನ್ನು ರಕ್ತದ ವರದಿಯಿಂದ ತಿಳಿಯಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

*

ನನ್ನ ಮಗನಿಗೆ ಬಂದಾಗ ನಾವೂ ಪ್ಲೇಟ್‌ಲೆಟ್ ಒಂದನ್ನೇ ಜಪಿಸುತ್ತಿದ್ದೆವು. ಐದನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು, ಗೆದ್ದೆವು ಎಂದುಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ, ಕುಡಿದದ್ದೆಲ್ಲ ವಾಂತಿ. ವೈದ್ಯರು ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು, ಪಿಸಿವಿ ಎಂಬ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಮೊದಲು 38 ಇದ್ದದ್ದು 46 ಆಗಿತ್ತು. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂಬ ಅಳತೆ ಇದು, ಹೆಮಟೋಕ್ರಿಟ್ ಎನ್ನುವುದೂ ಇದನ್ನೇ. ರಕ್ತದ ದ್ರವಾಂಶ ನಾಳಗಳಿಂದ ಹೊರಗೆ ಸೋರಿದಾಗ ಉಳಿದ ರಕ್ತ ಮಂದವಾಗಿ ಈ ಅಂಕಿ ಏರುತ್ತದೆ. ಮೊದಲಿದ್ದ ಅಂಕಿಗಿಂತ ಶೇ 20ರಷ್ಟು ಏರಿದರೆ ಸೋರಿಕೆ ಗಣನೀಯವಾಗಿದೆ ಎಂದೇ ಲೆಕ್ಕ. ಕೂಡಲೇ ದಾಖಲಿಸಿ ಡ್ರಿಪ್ ಹಾಕಿದರು, ಮಗ ಉಳಿದ. ಜ್ವರ ಇಳಿದ ಮೇಲಿನ 24ರಿಂದ 48 ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿರಿ.

*

ನನ್ನದು ಇದಕ್ಕೆ ಉಲ್ಟಾ. ಪ್ಲೇಟ್‌ಲೆಟ್ 19,000ಕ್ಕೆ ಬಿದ್ದಿತ್ತು, ಮನೆಯವರು ರಕ್ತದಾನಿಗಳನ್ನು ಹುಡುಕಲು ಹೊರಟಿದ್ದರು. ಆದರೆ ಎಲ್ಲಿಯೂ ರಕ್ತಸ್ರಾವವಿರಲಿಲ್ಲ, ಪಿಸಿವಿ ಕದಲಿರಲಿಲ್ಲ. ಪ್ಲೇಟ್‌ಲೆಟ್ ಕೊಡುವ ಅಗತ್ಯವಿಲ್ಲ ಎಂದು ವೈದ್ಯರು ಗಟ್ಟಿಯಾಗಿ ನಿಂತರು. 2,100ಕ್ಕೆ ಇಳಿದಿದ್ದ ಬಿಳಿ ರಕ್ತಕಣ ಮರುದಿನ 3,400 ಆಯಿತು. ಚೇತರಿಕೆಯಲ್ಲಿ ಸಾಮಾನ್ಯವಾಗಿ ಮೊದಲು ಏರುವುದು ಅದೇ, ಪ್ಲೇಟ್‌ಲೆಟ್ ಆಮೇಲೆ. ನನಗೂ ಹಾಗೆಯೇ ಆಯಿತು. ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ಮಾತ್ರ ಕೊಡಬೇಡಿ.

*

ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ಪ್ರತಿ ಸಲವೂ ಒಂದೇ ಕಡೆ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಪ್ಲೇಟ್‌ಲೆಟ್‌ಗಳು ಕೊಳವೆಯಲ್ಲಿ ಗುಂಪುಗಟ್ಟಿದರೆ ಯಂತ್ರ ಕಡಿಮೆ ಎಣಿಸುತ್ತದೆ. ಅನುಮಾನವಿದ್ದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿಕೊಳ್ಳಿ. ರಕ್ತಹೀನತೆ ಇದ್ದವರಲ್ಲಿ ಪಿಸಿವಿ 40 ಆದರೂ ಅದು ಏರಿಕೆಯೇ ಇರಬಹುದು. ಪಿಸಿವಿ ಇಳಿದು ರೋಗಿ ಮಂಕಾದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಹಾಗಾಗಿ ಜ್ವರದ ಮೊದಲ ದಿನಗಳ ವರದಿ ಬಹಳ ಮುಖ್ಯ. ಅದನ್ನು ಹುಡುಕಿ ಇಂದೇ ವೈದ್ಯರ ಮುಂದಿಡಿ. ತಂಗಿ ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನೂ ಹೇಳಿ. ಆರು ಗಂಟೆ ದಾಟಿದ್ದರೆ ಮುಂದಿನ ವರದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.