ಫೋರ್ಕ್ ಹಿಡಿಯದ ಮಗು ಫೇಲಾ?

ಸುರೇಶ: (ಫಾರ್ವರ್ಡ್) "ಎಳೆ ಮಕ್ಕಳ ಬೆಳವಣಿಗೆ ಪರೀಕ್ಷೆ: ಪಶ್ಚಿಮದ ಅಳತೆಗೋಲು, ಲೋಕದ ಮಕ್ಕಳಿಗೆಲ್ಲ ಹಣೆಪಟ್ಟಿ"

ಸುರೇಶ: ಎಲ್ಲರೂ ಪೂರ್ತಿ ಓದಿ. ಅನು, ನೀನಂತೂ ಓದಲೇಬೇಕು. ಯಾವುದೋ ಫಾರ್ಮ್ ತುಂಬಿಸಿ ಪಾಪುಗೆ ಮಾತು ಹಿಂದೆ ಅಂದ್ರಲ್ಲ, ತಲೆ ಕೆಡಿಸ್ಕೋಬೇಡ.

ಅನು: ಓದಿದೆ ಚಿಕ್ಕಪ್ಪ. ಸ್ವಲ್ಪ ಸಮಾಧಾನ ಆಯ್ತು.

ಪ್ರಸಾದ್: ಮಕ್ಕಳ ಬೆಳವಣಿಗೆ ನೋಡೋ ಡೆನ್ವರ್ ಟೆಸ್ಟ್ ಅಂತ ಲೇಖನದಲ್ಲಿದೆಯಲ್ಲ, ಅದರ ಕಥೆ ಮಜವಾಗಿದೆ ಮಾಮ. 1967ರಲ್ಲಿ ಅಮೆರಿಕದ ಡೆನ್ವರ್ ಅನ್ನೋ ಒಂದೇ ಊರಿನ ಮಕ್ಕಳನ್ನ ನೋಡಿ ಮಾಡಿದ್ದು. 1992ರಲ್ಲಿ ತಿದ್ದಿದಾಗಲೂ ಆ ಊರಿರೋ ಕೊಲೊರಾಡೋ ರಾಜ್ಯದ ಮಕ್ಕಳೇ. ಬೆಳಗಿನ ತಿಂಡಿಗೆ ಸೀರಿಯಲ್ ತಾನೇ ಬಟ್ಟಲಿಗೆ ಹಾಕಿ ಮಾಡ್ಕೊಳ್ಳತ್ತಾ, ಬೋರ್ಡ್ ಗೇಮ್ ಆಡತ್ತಾ, ಚಮಚ-ಫೋರ್ಕ್ ಹಿಡಿಯತ್ತಾ ಅಂತೆಲ್ಲ ಕೇಳ್ತಾರೆ. ಕೈಯಲ್ಲಿ ಉಣ್ಣೋ ಮಗು ಅಲ್ಲೇ ಔಟ್.

ವಿದ್ಯಾ: ಅಷ್ಟು ನಿಜ. ಆಫ್ರಿಕಾದ ಮಲಾವಿ ದೇಶದಲ್ಲೂ ಇಂಥ ಪ್ರಶ್ನೆಗಳು ಹೊಂದಲಿಲ್ಲ. ಅದಕ್ಕೆ 1400ಕ್ಕೂ ಹೆಚ್ಚು ಮಕ್ಕಳನ್ನ ನೋಡಿ, ಅಲ್ಲಿನ ಬದುಕಿಗೆ ತಕ್ಕ ಪಟ್ಟಿ ಮಾಡಿ 2010ರಲ್ಲಿ ಪ್ರಕಟಿಸಿದ್ರು. ಟೆಸ್ಟನ್ನೇ ಬಿಸಾಡಲಿಲ್ಲ ಚಿಕ್ಕಪ್ಪ, ಪ್ರಶ್ನೆ ಬದಲಾಯಿಸಿದ್ರು. ಲೇಖನ ಬರೆದವರು ಇದನ್ನ ನುಂಗಿಬಿಟ್ಟಿದ್ದಾರೆ.

ಗಿರಿಜಾ: ನಮ್ಮ ಪ್ರಸಾದ ಅಂಬೆಗಾಲೇ ಇಡಲಿಲ್ಲ ಕಣ್ರೇ. ಒಂದಿನ ಎದ್ದು ನಿಂತ, ನಡೆದೇಬಿಟ್ಟ.

ಪ್ರಸಾದ್: ಅಮ್ಮಾ, ಗುಂಪಲ್ಲಿ ಬೇಕಾ ಇದು 🙏

ವಿದ್ಯಾ: ಅತ್ತೆ, ಅದೇನೂ ದೋಷ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದಲ್ಲಿ ನೋಡಿದ ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಟ್ಟಿರಲಿಲ್ಲ. 2006ರ ವರದಿ. ತಾನಾಗಿ ನಡೆಯೋಕೆ 8.2ರಿಂದ 17.6 ತಿಂಗಳ ತನಕ ಅವಕಾಶ ಕೊಟ್ಟಿದ್ದಾರೆ.

ಸುರೇಶ: ಅಂದ್ಮೇಲೆ ಕಾಯೋದೇ ಸರಿ ಅಂತ ನೀನೇ ಹೇಳಿದ ಹಾಗಾಯ್ತು.

ವಿದ್ಯಾ: ಇಲ್ಲ ಚಿಕ್ಕಪ್ಪ, ಜಗಳ ಇರೋದೇ ಅಲ್ಲಿ. ಹೊಂದದ ಟೆಸ್ಟ್ ಚೆನ್ನಾಗಿರೋ ಮಗುನ ಫೇಲ್ ಮಾಡತ್ತೆ ಅಂತ ಮಾತ್ರ ಎಲ್ಲರೂ ಹೇಳ್ತಾರೆ. ಸಹಾಯ ಬೇಕಿರೋ ಮಗುನ ಪಾಸೂ ಮಾಡತ್ತೆ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಮಗುಗೆ ಕೂರೋದು, ನಡೆಯೋದು ಬೇಕಂತಲೇ ಕಲಿಸ್ತಾರೆ, ಅದಕ್ಕೆ ಆ ಮಕ್ಕಳು ಅದರಲ್ಲಿ ಅಮೆರಿಕದ ಮಕ್ಕಳಿಗಿಂತ ಮುಂದೆ ಅಂತ 1976ರಲ್ಲೇ ಚಾರ್ಲ್ಸ್ ಸೂಪರ್ ಅನ್ನೋ ಸಂಶೋಧಕರು ಬರೆದಿದ್ದಾರೆ. ಅಂಥ ಕಡೆ ಅಮೆರಿಕದ ಪಟ್ಟಿ ಹಿಡಿದು ಹೋದ್ರೆ, ತನ್ನ ಓರಗೆಯವರಿಗಿಂತ ನಿಜವಾಗಲೂ ಹಿಂದೆ ಬಿದ್ದ ಮಗುವೂ "ಸರಿಯಾಗಿದೆ" ಅಂತ ಮನೆಗೆ ಹೋಗಬಹುದು. ಇನ್ನು ಮನೆಯಲ್ಲಿ ಎರಡು ಭಾಷೆ ಇದ್ರೆ ಕೇಳೋದೇ ಬೇಡ. ಫಾರ್ಮ್ ಒಂದೇ ಭಾಷೆಯ ಪದ ಎಣಿಸಿ ಹೆದರಿಸತ್ತೆ, ಮನೆಯವರು "ಎರಡು ಭಾಷೆ ಅಲ್ವಾ, ತಡ ಆಗತ್ತೆ" ಅಂತ ಸುಮ್ನಾಗ್ತಾರೆ. ಎರಡೂ ತಪ್ಪು. ಎರಡು ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು. ಆಮೇಲೂ ಕಮ್ಮಿ ಬಂದ್ರೆ ಭಾಷೆ ಮೇಲೆ ಹಾಕೋ ಹಾಗಿಲ್ಲ.

ಪ್ರಸಾದ್: ಅದೇನೋ ಸರಿ. ಆದ್ರೆ ಇಂಥ ಟೆಸ್ಟಿಂದ ಎಷ್ಟು ಜನ ಸುಮ್‌ಸುಮ್ನೆ ಹೆದರ್ತಾರೆ ಅದನ್ನೂ ಹೇಳು.

ವಿದ್ಯಾ: ಹೆದರ್ತಾರೆ, ಯಾಕಂದ್ರೆ ಅದು ಬರೀ ಜರಡಿ ಅಂತ ಯಾರೂ ಹೇಳಲ್ಲ. ರೋಗ ಇದೆ ಅಂತ ಅಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿ ಅಂತ ಅಷ್ಟೇ. ಅನು, ಪಾಪುಗೆ 20 ತಿಂಗಳಲ್ವಾ? ಏನಾದ್ರೂ ಕಂಡ್ರೆ ನಿಂಗೂ ತೋರಿಸೋಕೆ ಬೆರಳು ಮಾಡ್ತಾನಾ? ಹೆಸರು ಕರೆದ್ರೆ ತಿರುಗ್ತಾನಾ?

ಅನು: ಬೆರಳು ತೋರಿಸ್ತಾನೆ ವಿದ್ಯಕ್ಕ, ಎಲ್ಲದಕ್ಕೂ. ಕರೆದ್ರೆ... ಎದುರಿಗಿದ್ರೆ ನೋಡ್ತಾನೆ. ಹಿಂದಿಂದ ಕರೆದ್ರೆ ಒಮ್ಮೊಮ್ಮೆ ಇಲ್ಲ.

ವಿದ್ಯಾ: ಕಿವಿ ಪರೀಕ್ಷೆ ಮಾಡಿಸಿದ್ಯಾ?

ಅನು: ಹುಟ್ಟಿದಾಗ ಮಾಡಿದ್ರು, ಸರಿ ಇತ್ತು. ಆಮೇಲೆ ಇಲ್ಲ. ನೆಗಡಿ ಮಾತ್ರ ಬಿಟ್ಟೂ ಬಿಡದೆ ಬರ್ತಿರತ್ತೆ.

ಸುರೇಶ: ಆಟದಲ್ಲಿ ಮುಳುಗಿರೋ ಮಗು ತಿರುಗಲ್ಲಮ್ಮ. ಅದಕ್ಕೂ ಟೆಸ್ಟಾ?

ವಿದ್ಯಾ: ನೆಗಡಿ ಆದಾಗ ಕಿವಿ ಒಳಗೆ ನೀರು ತುಂಬ್ಕೊಂಡ್ರೂ ಮಕ್ಕಳಿಗೆ ಕೇಳೋದು ಮಂದ ಆಗತ್ತೆ. ಅದಕ್ಕೆ ಯಾವ ದೇಶದ ಸಂಸ್ಕೃತಿನೂ ಇಲ್ಲ ಚಿಕ್ಕಪ್ಪ.

ಗಿರಿಜಾ: ಸುರೇಶ, ತೋರಿಸ್ಲಿ ಬಿಡೋ. ಕಳ್ಕೊಳ್ಳೋದೇನಿದೆ.

ಅನು: ನಾಳೆನೇ ಫೋನ್ ಮಾಡ್ತೀನಿ. ಆ ಫಾರ್ಮ್ ಇನ್ನೊಂದ್ಸಲ ತುಂಬ್ಲಾ?

ವಿದ್ಯಾ: ತುಂಬು, ಎರಡೂ ಭಾಷೆಯ ಪದ ಬರಿ. ಹಗಲಿಡೀ ಪಾಪು ಜೊತೆ ಇರೋರು ನಿಮ್ಮತ್ತೆ, ಅವರನ್ನ ಪಕ್ಕ ಕೂರಿಸ್ಕೊಂಡು ಬರಿ. ಪಾಪುಗೆ ಯಾವತ್ತೂ ಕೊಟ್ಟೇ ಇಲ್ಲದ ಸಾಮಾನಿನ ಪ್ರಶ್ನೆ ಇದ್ರೆ "ಇಲ್ಲ" ಅಂತ ಟಿಕ್ ಮಾಡ್ಬೇಡ, "ಅವಕಾಶ ಸಿಕ್ಕಿಲ್ಲ" ಅಂತ ಪಕ್ಕದಲ್ಲಿ ಬರಿ.

ಸುರೇಶ: ನಾನಂತೂ ಒಪ್ಪಲ್ಲ. ಕಿವಿದು ಏನಂದ್ರು ಅಂತ ಮಾತ್ರ ಇಲ್ಲಿ ಹಾಕು.