ಸಹಾಯ ಬೇಕು: ನ್ಯೂಸ್‌ರೇಡಿಯೋ ಐದನೇ ಸೀಸನ್ ಮುಂದುವರಿಸಲೋ, ಬಿಡಲೋ?

ಎಲ್ಲರಿಗೂ ನಮಸ್ಕಾರ. ನಾನು ಅಣ್ಣ ಸೇರಿ ನ್ಯೂಸ್‌ರೇಡಿಯೋ ನೋಡ್ತಾ ಇದ್ವಿ. ನ್ಯೂಯಾರ್ಕಿನ ಒಂದು ರೇಡಿಯೋ ಸುದ್ದಿ ಕೇಂದ್ರದ ಕಥೆ ಇರೋ ಹಾಸ್ಯ ಧಾರಾವಾಹಿ, 1995ರಿಂದ 1999ರವರೆಗೆ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ಬಂದಿದ್ದು. ನಾಲ್ಕು ಸೀಸನ್ ಒಂದೇ ಉಸಿರಿಗೆ ಮುಗೀತು. ಅದರಲ್ಲಿ ಬಿಲ್ ಮೆಕ್‌ನೀಲ್ ಅಂದ್ರೆ ನಂಗೆ ಪ್ರಾಣ. ಜಂಬದ ಮನುಷ್ಯ, ಆದ್ರೆ ಆ ದನಿ ಕೇಳಿದ್ರೆ ಸಾಕು, ನಗು ತಾನಾಗೇ ಬರುತ್ತೆ.

ಆ ಪಾತ್ರ ಮಾಡಿದ ಫಿಲ್ ಹಾರ್ಟ್‌ಮನ್ 1998ರ ಮೇ ತಿಂಗಳಲ್ಲಿ ಕೊಲೆಯಾದ್ರು. ಐದನೇ ಸೀಸನ್ ಮೊದಲ ಕಂತಿನಲ್ಲಿ ಬಿಲ್ ಹೃದಯಾಘಾತದಿಂದ ತೀರಿಕೊಂಡ ಅಂತ ತೋರಿಸ್ತಾರೆ. ಅಲ್ಲಿ ಅಳೋರು ನಟಿಸ್ತಿಲ್ಲ ಅನ್ನಿಸ್ತು, ನಿಜವಾಗ್ಲೂ ಗೆಳೆಯನನ್ನ ಕಳ್ಕೊಂಡವರು. ನಾವಿಬ್ರೂ ಮಾತಾಡದೆ ಟಿವಿ ಆರಿಸಿದ್ವಿ.

ಆಮೇಲೆ ಮೂರು ಸಲ ಪ್ರಯತ್ನಪಟ್ಟೆ. ಎರಡನೇ ಕಂತು ಅರ್ಧಕ್ಕೆ ನಿಲ್ಲಿಸಿದೆ. ಒಂದು ವಾರ ಬಿಟ್ಟು ನೋಡಿದೆ, ಆಗ್ಲಿಲ್ಲ. ಅಣ್ಣ ಒಬ್ಬನೇ ಮುಂದೆ ಹೋಗಲ್ಲ ಅಂತಾನೆ.

ನನ್ನ ಗೊಂದಲ ಇರೋದು ಬಿಲ್ ಹೋದ ಮೇಲೆ ಬರೋ ಮ್ಯಾಕ್ಸ್ ಪಾತ್ರದ ಬಗ್ಗೆ. ಆ ಪಾತ್ರ ಮಾಡಿ ಖಾಲಿ ಜಾಗ ತುಂಬೋಕೆ ಬಂದ ಜಾನ್ ಲೊವಿಟ್ಜ್ ಹಾರ್ಟ್‌ಮನ್‌ಗೆ ಹಳೇ ಸ್ನೇಹಿತರು, ಅವರ ಮೇಲೆ ನಂಗೆ ಗೌರವ ಇದೆ. ಆದ್ರೆ ಇದೇ ಧಾರಾವಾಹೀಲಿ ಮೊದಲೇ ಬೇರೆ ಪಾತ್ರವಾಗಿ ಬಂದಿದ್ರಲ್ಲ, ಅದೂ ಮನಸ್ಸಿಂದ ಹೋಗ್ತಿಲ್ಲ.

ಪೂರ್ತಿ ನೋಡಿದವರು ದಯವಿಟ್ಟು ಹೇಳಿ: ಮ್ಯಾಕ್ಸ್ ಯಾವ ಕಂತಿನಿಂದ ತನ್ನದೇ ಪಾತ್ರವಾಗಿ ನಿಲ್ಲುತ್ತಾನೆ? ಅಲ್ಲೀವರೆಗೆ ತಾಳಿ ನೋಡ್ಲಾ, ಇಲ್ಲ ಬಿಲ್‌ಗೆ ವಿದಾಯ ಹೇಳಿದ ಕಂತಿಗೇ ನಿಲ್ಲಿಸಿಬಿಡ್ಲಾ?