ಕಾರಿನ ರೇಡಿಯೊ ‘ಹಿಡಿಯುತ್ತಿಲ್ಲ’: ಇದನ್ನು ಬಿಡಿಸಿ ಹೇಳೋ ಮಾತುಗಳು ಯಾವುವು?

ದೂರದ ಪ್ರಯಾಣದಲ್ಲಿ ಕಾರಿನ ರೇಡಿಯೊ ಕೈಕೊಟ್ಟರೆ ನಾವೆಲ್ಲ ಹೇಳೋದು ಒಂದೇ ಮಾತು, ‘ಸ್ಟೇಷನ್ ಹಿಡಿಯುತ್ತಿಲ್ಲ’. ಸ್ವಲ್ಪ ಬಿಡಿಸಿ ಹೇಳಿ ಅಂದರೆ ‘ಬರೀ ಗೊರಗೊರ’ ಅನ್ನುತ್ತೇವೆ. ರಿಪೇರಿ ಮಾಡುವವರಿಗೆ ಇಷ್ಟು ಸಾಲದು. ತೊಂದರೆ ಕಾರಿನಲ್ಲಿದೆಯೋ ದಾರಿಯಲ್ಲಿದೆಯೋ ಅನ್ನೋದು ಸದ್ದಿನಲ್ಲೇ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಆದ್ದರಿಂದ ಒಂದೊಂದು ಸದ್ದಿಗೂ ಒಂದೊಂದು ಮಾತು ಇದ್ದರೆ ಒಳ್ಳೆಯದು. ನೀವು ಏನನ್ನುತ್ತೀರಿ ಅಂತ ತಿಳಿಯಬೇಕಿದೆ.

ಮೊದಲು ‘ದನಿ ಕುಗ್ಗಿತು’ ಅನ್ನೋ ಬಳಕೆ. ಮೀಡಿಯಂ ವೇವ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ರಾತ್ರಿ ದೂರದ ಸ್ಟೇಷನ್ ಹಾಕಿದರೆ ದನಿ ನಿಧಾನವಾಗಿ ಕುಗ್ಗುತ್ತದೆ, ಮತ್ತೆ ಏಳುತ್ತದೆ. ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ, ಅಂದರೆ ಅಯಾನುಗೋಳಕ್ಕೆ, ತಾಗಿ ವಾಪಸ್ ಬರುವ ಅಲೆ ಒಂದೇ ಸಮ ಇರೋದಿಲ್ಲ, ಅದಕ್ಕೆ. ಎಫ್‌ಎಂನಲ್ಲಿ ಹಾಗಲ್ಲ. ಅಲ್ಲಿ ದನಿಯ ಮಟ್ಟ ಅಷ್ಟೇ ಇರುತ್ತದೆ, ಅದರ ಮೇಲೆ ‘ಸ್ಸ್’ ಅನ್ನೋ ಸದ್ದು ಜಾಸ್ತಿಯಾಗುತ್ತಾ ಹೋಗುತ್ತದೆ. ಸ್ಟೀರಿಯೊ ಮೊದಲು ಹೋಗುತ್ತದೆ, ಯಾಕೆಂದರೆ ಮೊನೊಗಿಂತ ಅದಕ್ಕೆ ಬಲವಾದ ಸಿಗ್ನಲ್ ಬೇಕು. ಇದಕ್ಕೆ ‘ಮಸುಕಾಯಿತು’ ಅನ್ನೋದೇ ಸರಿ ಅಂತ ನನ್ನ ಅನಿಸಿಕೆ. ಊರು ಬಿಟ್ಟು ದೂರ ಹೋದಂತೆ ಮಸುಕಾದರೆ ಏನೂ ಕೆಟ್ಟಿಲ್ಲ. 87.5ರಿಂದ 108 ಮೆಗಾಹರ್ಟ್ಸ್‌ವರೆಗಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂತೋ, ಸಿಗ್ನಲ್ ಬಿತ್ತು.

ಪ್ರಸಾರ ಗೋಪುರದ ಹತ್ತಿರವೇ ಮಸುಕಾದರೆ ಮಾತ್ರ ಕಾರನ್ನು ನೋಡಬೇಕು. ಆಂಟೆನಾ ಬುಡದಲ್ಲಿ ಸಡಿಲವಾಗಿದೆಯಾ, ತುಕ್ಕು ಹಿಡಿದಿದೆಯಾ, ಸೆಟ್‌ನ ಹಿಂದೆ ಆಂಟೆನಾ ಪ್ಲಗ್ ಪೂರ್ತಿ ಕೂತಿದೆಯಾ ಅಂತ ನೋಡಿ. ಹೊಸ ಸೆಟ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಸಿಗ್ನಲ್ ಬಲ ಹೆಚ್ಚಿಸೋ ಆಂಟೆನಾದ ಆಂಪ್ಲಿಫೈಯರ್‌ಗೆ ಕರೆಂಟ್ ಕೊಡುವ ವೈರ್ ಜೋಡಿಸದೇ ಬಿಟ್ಟಿರಬಹುದು. ಅದು ಸಾಮಾನ್ಯವಾಗಿ ನೀಲಿ ವೈರ್. ಚಾವಣಿಯ ಮೇಲಿನ ಮೀನಿನ ರೆಕ್ಕೆಯಂಥ ಆಂಟೆನಾ, ಗಾಜಿನೊಳಗಿನ ಆಂಟೆನಾ, ಇವೆರಡರಲ್ಲೂ ಈ ಆಂಪ್ಲಿಫೈಯರ್ ಇರೋದು ಸಾಮಾನ್ಯ. ಸೆಟ್‌ನಲ್ಲಿ ‘ಲೋಕಲ್’ ಆನ್ ಆಗಿದೆಯಾ ಅಂತಲೂ ನೋಡಿ. ಅದು ಆನ್ ಇದ್ದರೆ ಹುಡುಕುವಾಗ ದೂರದ ಸ್ಟೇಷನ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ.

ಇನ್ನೊಂದು ಸದ್ದಿಗೆ ನನಗೆ ಸರಿಯಾದ ಮಾತೇ ಸಿಕ್ಕಿಲ್ಲ. ಎತ್ತರದ ಕಟ್ಟಡಗಳ ನಡುವೆ ಓಡುವಾಗ ಹಾಡು ಚೂರುಚೂರಾಗಿ, ‘ಫ್ಸ್‌ಫ್ಸ್‌ಫ್ಸ್’ ಅಂತ ಕತ್ತರಿಸಿಕೊಂಡು ಬರುತ್ತದೆ, ಅಲ್ವಾ? ನೇರವಾಗಿ ಬಂದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಕೂಡಿ ಕೆಲವು ಕಡೆ ಒಂದನ್ನೊಂದು ಅಳಿಸಿಬಿಡುತ್ತವೆ. 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಮೀಟರ್. ಹಾಗಾಗಿ ಸುಮಾರು ಒಂದೂವರೆ ಮೀಟರಿಗೊಂದು ಸತ್ತ ಜಾಗ ಬರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು ಹನ್ನೊಂದು ಸಲ ಅದನ್ನು ದಾಟುತ್ತೇವೆ. ಸಿಗ್ನಲ್ ಲೈಟಿನಲ್ಲಿ ನಿಂತಾಗ ಸ್ಟೇಷನ್ ಪೂರ್ತಿ ಹೋಗಿ, ಮುಂದಿನ ಕಾರು ಸರಿದು ನಾವು ಒಂದು ಹೆಜ್ಜೆ ಮುಂದೆ ಹೋದ ತಕ್ಷಣ ವಾಪಸ್ ಬಂದರೆ ಕಾರಣ ಇದೇ. ಇದಕ್ಕೆ ‘ಕಡಿಕಡಿದು ಬರುತ್ತಿದೆ’ ಅನ್ನಬಹುದಾ? ಅಥವಾ ‘ತುಂಡುತುಂಡಾಗಿ’ ಸಾಕಾ?

ಒಂದು ಸ್ಟೇಷನ್ ಇದ್ದಕ್ಕಿದ್ದಂತೆ ಮಾಯವಾಗಿ ಅದೇ ನಂಬರಿನಲ್ಲಿ ಬೇರೆಯದು ಬಂದರೆ ‘ನುಂಗಿತು’ ಅನ್ನೋದು ಹೊಂದುತ್ತದೆ. ಎಫ್‌ಎಂ ರಿಸೀವರ್ ಎರಡರಲ್ಲಿ ಬಲವಾದುದನ್ನೇ ಹಿಡಿದುಕೊಳ್ಳುತ್ತದೆ, ಬೆರೆಸಿ ಕೊಡೋದು ಕಡಿಮೆ.

ಕೊನೆಗೆ ‘ಕುಂಯ್’ ಅನ್ನೋದು. ಇದನ್ನು ದಯವಿಟ್ಟು ಗೊರಗೊರಕ್ಕೆ ಸೇರಿಸಬೇಡಿ. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಸದ್ದಿನ ಶ್ರುತಿ ಏರಿದರೆ ಅದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ನಿಂದ ಬರುತ್ತಿದೆ. ಗ್ರೌಂಡ್ ವೈರ್ ಸಡಿಲವಾಗಿರಬಹುದು. ಎಂಜಿನ್ ಜತೆ ಏರಿಳಿಯದೆ ಒಂದೇ ಸಮ ಕೊರೆಯುತ್ತಿದ್ದರೆ ಫೋನ್ ಚಾರ್ಜರ್, ಡ್ಯಾಶ್‌ಕ್ಯಾಮ್ ಒಂದೊಂದಾಗಿ ಕಿತ್ತು ನೋಡಿ. ಎಷ್ಟೋ ಸಲ ಅಗ್ಗದ ಚಾರ್ಜರ್ ತೆಗೆದ ಕೂಡಲೇ ಸ್ಟೇಷನ್ ತಿಳಿಯಾಗುತ್ತದೆ.

ಇನ್ನು ಹೆಸರುಪದದ ಪ್ರಶ್ನೆ. ‘ಹಿಡಿಯುತ್ತದೆ’ ಅನ್ನೋ ಕ್ರಿಯಾಪದ ಎಲ್ಲರ ಬಾಯಲ್ಲಿದೆ. ಅದರಿಂದ ನಾಮಪದ ಮಾಡಹೊರಟರೆ ‘ಹಿಡಿತ’ ಹತೋಟಿಯ ಅರ್ಥಕ್ಕೆ ಹೋಗುತ್ತದೆ, ‘ಹಿಡಿಕೆ’ ಅಂದರೆ ಪಾತ್ರೆಯದೋ ಬಾಗಿಲದೋ ಆಗಿಬಿಡುತ್ತದೆ. ‘ಗ್ರಹಣ’ ಅಂದರೆ ಸೂರ್ಯಚಂದ್ರರೇ ನೆನಪಾಗುತ್ತಾರೆ. ‘ಇಲ್ಲಿ ರಿಸೆಪ್ಷನ್ ಚೆನ್ನಾಗಿಲ್ಲ’ ಅನ್ನೋ ಕಡೆ ನೀವು ಮಾತಿನಲ್ಲಿ ನಿಜಕ್ಕೂ ಬಳಸುವ ಪದ ಯಾವುದು? ನಿಘಂಟಿನದಲ್ಲ, ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಹೇಳೋದನ್ನು ಕೇಳಿದ್ದರೆ ವಾಕ್ಯದ ಸಮೇತ ಬರೆಯಿರಿ.